ಮೂವತ್ತಾರು ಸಲ ಕರುಣಾ

"ಇದನ್ನ ಬರದಾವ್ರು ನೀವ ಹೌದಿಲ್ರಿ?"

ಕರುಣಾ ಒಗೆದ ಹಾಳೆಗಳು ಫಕೀರೇಶನ ಕೀಬೋರ್ಡಿನ ಮೇಲೆ ಬಿದ್ದವು. ಆಫೀಸಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ಇತ್ತ ತಿರುಗಿದರು. ಮೊದಲ ಹಾಳೆ ಓದಿದ ಫಕೀರೇಶನ ಮುಖ ಬಿಳಿಚಿಕೊಂಡಿತು.

"ಹೌದು... ನಾನ."

ಅಷ್ಟೇ! ಒಂದು ಸಬೂಬಿಲ್ಲ, ಒಂದು ಕ್ಷಮೆಯಿಲ್ಲ.

ಅದು 2008ರ ಜೂನ್. ಹುಬ್ಬಳ್ಳಿಯ ಆ ಸಣ್ಣ ಸಾಫ್ಟ್‌ವೇರ್ ಕಂಪನಿ ಧಾರವಾಡದ ಒಂದು ಮಹಿಳಾ ಕಾಲೇಜಿಗೆ ಪ್ರವೇಶದ ವೆಬ್‌ಸೈಟ್ ಮಾಡಿಕೊಟ್ಟಿತ್ತು. ಬೆಳಿಗ್ಗೆ ಹತ್ತಕ್ಕೆ ಸೈಟ್ ಶುರುವಾಯಿತು. ಹತ್ತೂವರೆಗೆ ಕಾಲೇಜಿನ ಒಬ್ಬ ಚುರುಕು ವಿದ್ಯಾರ್ಥಿನಿ ವಿಷಯಗಳ ಪಟ್ಟಿಯಿದ್ದ ಪುಟದ ಮೇಲೆ 'ವ್ಯೂ ಸೋರ್ಸ್' ಒತ್ತಿದಳು. ಪುಟದ ಹಿಂದಿನ ಬರಹವೆಲ್ಲ ತೆರೆದುಕೊಂಡಿತು. ಅದರೊಳಗೆ ಇಂಗ್ಲಿಷ್ ಅಕ್ಷರದಲ್ಲಿ, ಧಾರವಾಡದ ಕನ್ನಡದಲ್ಲಿ ಒಂದು ಟಿಪ್ಪಣಿ:

'ಈ ಪಟ್ಟಿ ಕರುಣಾ ಮಾಡಿದ್ದು. ಯಾರೂ ಕೈ ಹಚ್ಚಬ್ಯಾಡ್ರಿ. ಆಕಿ ನಕ್ಕಳಂದ್ರ ನನಗ ತಪ್ಪು ಯಾವುದು ಒಪ್ಪು ಯಾವುದು ತಿಳಿಯಂಗಿಲ್ಲ.'

ಒಂದು ಸಲವಲ್ಲ, ಮೂವತ್ತಾರು ಸಲ! ಪಟ್ಟಿಯ ಒಂದು ಸಾಲಿನ ಅಚ್ಚು ಬರೆದಿಟ್ಟರೆ ಎಷ್ಟು ವಿಷಯಗಳಿವೆಯೋ ಅಷ್ಟು ಸಲ ಅದು ಮೂಡುತ್ತದೆ. ಅಚ್ಚಿನೊಳಗಿದ್ದ ಟಿಪ್ಪಣಿಯೂ ಅಷ್ಟೇ ಸಲ ಮೂಡಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾಲೇಜಿನ ಬಾಯಲ್ಲಿ ಒಂದೇ ಹೆಸರು. ಸುದ್ದಿ ಆಫೀಸಿಗೂ ಬಂದಾಗ ಕರುಣಾ ಆ ಬರಹವನ್ನೆಲ್ಲ ಹಾಳೆಗಳ ಮೇಲೆ ಪ್ರಿಂಟ್ ತೆಗೆದಿದ್ದಳು. ಅದೇ ಕಾಲೇಜಿನವರು ನಡೆಸುವ ಹೈಸ್ಕೂಲಿನಲ್ಲಿ ಕರುಣಾಳ ಅಪ್ಪ ಉಡಚಪ್ಪ ಮಾಸ್ತರರು ಗಣಿತ ಕಲಿಸುತ್ತಿದ್ದರು.

ಅಪ್ಪನ ಕಿವಿಗೆ ಬಿದ್ದಿರುತ್ತದೆಯೇ? ಸ್ಟಾಫ್ ರೂಮಿನಲ್ಲಿ ಅವರು ತಲೆ ತಗ್ಗಿಸಿ ಕೂತಿರಬಹುದೇ?

ಮಾಲಕ ನೀಲಕಂಠಪ್ಪ ಕ್ಯಾಬಿನ್ನಿನಿಂದ ಹೊರಬಂದರು.

"ಪ್ರಿನ್ಸಿಪಾಲ್ ಅಂಬಾಬಾಯಿ ಮೇಡಂ ಫೋನ್ ಮಾಡಿದ್ರು. ಸೈಟ್ ಬಂದ್ ಮಾಡಿಸ್ಯಾರ. ಬರದಾವನ್ನ ಐದರೊಳಗ ಕೆಲಸದಿಂದ ತಗೀರಿ, ಇಲ್ಲಾಂದ್ರ ನಿಮ್ಮ ಸೈಟ್ ನಮಗ ಬ್ಯಾಡ ಅಂದಾರ. ಕರುಣಾ, ನೀ ತಕರಾರು ಕೊಡ್ತಿ?"

"ಕೊಡ್ತೇನ್ರಿ ಸರ್."

ಫಕೀರೇಶ ತಲೆ ಎತ್ತಲಿಲ್ಲ.

ಅವಳ ಸಿಟ್ಟಿಗೆ ಹೆಸರು ಬೀದಿಗೆ ಬಿದ್ದದ್ದೊಂದೇ ಕಾರಣವಲ್ಲ. ಬೇರೆ ಯಾರಾದರೂ ಬರೆದಿದ್ದರೆ ಬಾಯಿಗೆ ಬಂದಂತೆ ಬೈದು ಮರೆತುಬಿಡುತ್ತಿದ್ದಳು. ಆದರೆ ಇವನು! ಉಪ್ಪಿನಬೆಟಗೇರಿಯಿಂದ ಎರಡು ಬಸ್ ಹಿಡಿದು ಬರುವ, ಯಾರ ಜೊತೆಗೂ ಹೆಚ್ಚು ಮಾತಾಡದ ಫಕೀರೇಶ! ವರ್ಷದ ಹಿಂದೆ ಅವಳಿಗೆ 'ವಿಕೆಟ್' ಕಲಿಸಿದವನು ಅವನೇ. ಅದು ಯಾರು ಬೇಕಾದರೂ ಪುಕ್ಕಟೆ ಪಡೆದು ಬಳಸಬಹುದಾದ ಸಾಫ್ಟ್‌ವೇರ್ ಚೌಕಟ್ಟು. ಪುಟವನ್ನು ಬಿಡಿಬಿಡಿ ಭಾಗಗಳಾಗಿ ಮಾಡಿ ಜೋಡಿಸುವುದು ಅದರ ರೀತಿ. ಪಟ್ಟಿ ಒಬ್ಬರದು, ಅರ್ಜಿ ಇನ್ನೊಬ್ಬರದು, ಕೊನೆಗೆ ಎಲ್ಲ ಸೇರಿ ಒಂದು ಪುಟ. ಹಾಗೆ ಜೋಡಿಸುತ್ತ ಜೋಡಿಸುತ್ತ ಅವಳ ಮನಸ್ಸು ಯಾವಾಗ ಅವನ ಕಡೆ ವಾಲಿತೋ ಅವಳಿಗೇ ತಿಳಿಯದು. ಅದಕ್ಕೇ ಇಷ್ಟು ನೋವು.

ಮೂರು ಗಂಟೆಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಕೆಲಸ ಬಿಡುವವನು ಎಲ್ಲವನ್ನೂ ಉಳಿಯುವವಳಿಗೆ ಒಪ್ಪಿಸಿ ಹೋಗಬೇಕಲ್ಲ!

"ಇದು ಲಾಗಿನ್. ಇದು ಅರ್ಜಿ. ಇದು ಫೋಟೋ ಹಚ್ಚೋದು..."

ಅವಳು ಬರೆದುಕೊಳ್ಳುತ್ತಿದ್ದಳು. ಕೊನೆಗೂ ತಡೆಯಲಾಗಲಿಲ್ಲ.

"ಎಚ್‌ಟಿಎಂಎಲ್‌ನ್ಯಾಗ ಬರದದ್ದನ್ನ ಊರೆಲ್ಲಾ ಓದಬಹುದು ಅಂತ ಮೊದಲನೇ ದಿನಾನ ಕಲಿಸಿದಾವ್ರು ನೀವು. ಗೊತ್ತಿದ್ದೂ ಬರದ್ರಿ... ನನ್ನ ನಗಿಪಾಟಲ ಮಾಡಾಕಂತನ ಬರದ್ರಿ?"

"ಇಲ್ಲ."

"ಮತ್ತ ಅದು ಹೊರಗ ಹೆಂಗ ಹೋತು?"

ಫಕೀರೇಶ ಮೌಸ್ ಅವಸರವಾಗಿ ಓಡಿಸಿದ.

"ಇದು ಸೆಟ್ಟಿಂಗ್ಸ್. ಇದರಾಗ ನೋಡೋದೇನಿಲ್ಲ. ಮುಂದ ಹೋಗೂಣು."

ನೋಡುವುದೇನಿಲ್ಲವೇ? ಒಂದೂವರೆ ತಾಸಿನಿಂದ ಪ್ರತಿಯೊಂದು ಫೈಲನ್ನೂ ಅಕ್ಷರ ಬಿಡದೆ ವಿವರಿಸಿದವನು ಇದನ್ನು ಮಾತ್ರ ಏಕೆ ಹಾರಿಸುತ್ತಿದ್ದಾನೆ?

ಕರುಣಾ ಮೌಸ್ ಕಸಿದುಕೊಂಡಳು. ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ದಾಖಲೆ ತೆರೆದಳು.

ಮಾರ್ಚ್ ತಿಂಗಳು, ಫಕೀರೇಶ: ಪುಟ ಹೊರಗೆ ಹೋಗುವ ಮುನ್ನ ಟಿಪ್ಪಣಿಗಳನ್ನೆಲ್ಲ ಅಳಿಸಬೇಕೆಂಬ ಒಂದು ಸಾಲು ಸೇರಿಸಿದ್ದಾನೆ.

ನಿನ್ನೆ ಸಂಜೆ: ಆ ಸಾಲನ್ನು ತೆಗೆಯಲಾಗಿದೆ. ತೆಗೆದವರು... ಕರುಣಾ.

ನಿನ್ನೆ ಕಾಲೇಜಿನ ಹಳೆಯ ಕಂಪ್ಯೂಟರುಗಳಲ್ಲಿ ಅರ್ಜಿ ಸೊಟ್ಟಗೆ ಕಾಣುತ್ತಿತ್ತು. ಅದನ್ನು ನೆಟ್ಟಗೆ ಮಾಡುವ ಸೂಚನೆ ಅಲ್ಲಿನ ಹಳೆಯ ಬ್ರೌಸರಿಗೆ ಟಿಪ್ಪಣಿಯ ರೂಪದಲ್ಲೇ ಹೋಗಬೇಕು. ಅಳಿಸುವ ಸಾಲು ಅದನ್ನೂ ಅಳಿಸುತ್ತಿತ್ತು. ಅವಸರದಲ್ಲಿ ಅವಳೇ ಆ ಸಾಲು ಕಿತ್ತಿದ್ದಳು. ಒಳಗೆ ಇನ್ನಾವ ಟಿಪ್ಪಣಿ ಇದೆಯೆಂದು ನೋಡಿರಲೇ ಇಲ್ಲ.

"ನಿಮಗ... ಮೊದಲ ಗೊತ್ತಿತ್ತು?"

"ಹಾಳಿ ನೋಡಿದ ಕೂಡಲೇ ತಿಳೀತು. ನಿನ್ನೆ ಸೈಟಿಗೆ ಕೈ ಹಚ್ಚಿದಾವ್ರು ನೀವೊಬ್ರ."

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿಮ್ಮ ನೌಕರಿ ಹೋಗತಿತ್ತು. ಬರದಾವಂತೂ ನಾನ..." ಅವನು ತಡವರಿಸಿದ. "ನೀವು ಆ ಪಟ್ಟಿ ಮುಗಿಸಿದ ದಿನಾ ಬರದಿದ್ದೆ. ನನಗಂತ ಬರಕೊಂಡಿದ್ದು. ಅಳಸಬೇಕಂತ ಎಷ್ಟೋ ಸಲ ಕುಂತೆ... ಮನಸ ಬರಲಿಲ್ಲ."

ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಕ್ಯಾಬಿನ್ನಿನಲ್ಲಿ ಫೋನ್ ರಿಂಗಣಿಸಿತು.

ಸುಮ್ಮನಿದ್ದರೆ ಸಾಕು, ಅವಳ ಕೆಲಸ ಉಳಿಯುತ್ತಿತ್ತು. ಅಪ್ಪನ ಮುಂದೆ ತಪ್ಪೆಲ್ಲ ಬೇರೆಯವನದೇ ಆಗುತ್ತಿತ್ತು. ಫಕೀರೇಶ ಆಗಲೇ ಬ್ಯಾಗು ಹೆಗಲಿಗೇರಿಸಿದ್ದ.

ಕರುಣಾ ಎದ್ದು ಒಳಗೆ ಹೋದಳು. ನೀಲಕಂಠಪ್ಪನವರ ಕೈ ತಲುಪುವ ಮೊದಲೇ ಸ್ಪೀಕರ್ ಒತ್ತಿದಳು.

"ಮೇಡಂ, ನಾನು ಕರುಣಾ ಮಾತಾಡಾಕತ್ತೇನ್ರಿ. ಬರದಾವ್ರು ಫಕೀರೇಶ, ಖರೇ. ಆದರ ಅದು ಒಳಗ ಉಳಿಯೋ ಹಂಗ ಕಾವಲು ಇಟ್ಟಿದ್ರು. ಕಾವಲು ತಗದಾಕಿ ನಾನು. ಯಾರನ್ನರ ತಗೀಬೇಕಂದ್ರ ನನ್ನ ತಗೀರಿ."

"ಉಡಚಪ್ಪ ಮಾಸ್ತರ ಮಗಳಲ್ಲ ನೀ?" ಅಂಬಾಬಾಯಿ ಕೇಳಿದರು. "ಪುಟಾ ಈಗಿಂದೀಗ ಸರಿ ಮಾಡು, ಕಾಲೇಜಿಗೆ ಅಷ್ಟು ಸಾಕು. ಆದರ ಹೆಸರು ಹೋದದ್ದು ನಿಂದು. ಆ ಹುಡುಗನ ಮ್ಯಾಲೆ ನಿನ್ನ ತಕರಾರು ಅದನೋ ಇಲ್ಲೋ? ನೀ ಹೂಂ ಅಂದ್ರ ಅವ ಅಲ್ಲಿರೂದು ಬ್ಯಾಡ."

ಬಾಗಿಲು ತೆರೆದೇ ಇತ್ತು. ಎಲ್ಲರ ಕಿವಿಯೂ ಇತ್ತಲೇ.

"ಐತ್ರಿ ಮೇಡಂ, ತಕರಾರು ಐತಿ."

ನೀಲಕಂಠಪ್ಪ ಹೌಹಾರಿದರು. ಫಕೀರೇಶ ಕಣ್ಣು ಮುಚ್ಚಿದ.

"ಕಂಪ್ಯೂಟರಿಗೆ ಹೇಳಿದ್ದನ್ನ ನನಗ ಹೇಳ್ಲಿಲ್ಲ. ಅದೊಂದ ತಕರಾರು."

ಫೋನಿನಲ್ಲಿ ಕೆಮ್ಮಿನಂಥ ಸದ್ದು. ನಗು ಇರಬಹುದೇ?

"ಅದಕ್ಕ ಪ್ರಿನ್ಸಿಪಾಲ್ ಏನೂ ಮಾಡ್ಲಿಕ್ಕೆ ಬರೂದಿಲ್ಲವಾ," ಎಂದು ಅವರು ಫೋನಿಟ್ಟರು.

ಕರುಣಾ ಹೊರಬಂದು ತನ್ನ ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿ ಎಳೆದು ಕೊಟ್ಟಳು.

"ಅಳಸ್ರಿ ಅದನ್ನ."

ಫಕೀರೇಶ ಬ್ಯಾಗಿಟ್ಟು ಕೂತ. ಟಿಪ್ಪಣಿ ಅಳಿಸಿ ಪುಟ ಮತ್ತೆ ಏರಿಸಿದ. "ಆತು."

"ಇನ್ನ ಹೇಳ್ರಿ."

"ಇಲ್ಲೇ? ಎಲ್ಲಾರ ಮುಂದ?"

"ಊರೆಲ್ಲಾ ಓದಿ ಮುಗಿಸೈತಿ. ಕೇಳಲಾರದಾಕಿ ನಾನೊಬ್ಬಾಕೀನ ಉಳದೇನಿ!"

ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಕರುಣಾ... ನೀವಂದ್ರ ನನಗ ಜೀವ."

ಅವಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿ, ಸೆರಗಿನಿಂದ ಮೂಗೊರೆಸಿಕೊಂಡಳು.

"ನನಗೂ. ಆದರ ಸಂಜಿಗೆ ನಮ್ಮ ಅಪ್ಪ ಕೇಳ್ತಾರ. ಅವರ ಮುಂದೂ ಹಿಂಗ ಹೇಳ್ತೀರಿಲ್ಲೋ?"

"ಹೇಳ್ತೇನಿ... ನೀವು ಬಾಜೂಕ ನಿಂತ್ರ."

"ನಿಂತಿರ್ತೇನಿ."