ಹದಿನಾಲ್ಕನೇ ಸೀಟಿನ ನೋಟ್‌ಬುಕ್

ಒಂದೇ ನಿಮಿಷ ನಿಲ್ಲಿ, ಇದನ್ನು ಕೇಳಿಕೊಂಡೇ ಹೋಗಿ. ನನಗಂತೂ ಹೇಳದೆ ಇರಲು ಆಗುತ್ತಿಲ್ಲ!

ಕರಾವಳಿ ಪ್ರವಾಸದ ಬಸ್ಸು ಬೆಳಿಗ್ಗೆ ಹೊರಡುವಾಗಲೇ ಪ್ರಯಾಣಿಕರ ತಲೆ ಎಣಿಸುತ್ತಿದ್ದ ಅವಳು ತಟ್ಟನೆ ನಿಂತಳು. ಅವಳು ಆ ಬಸ್ಸಿನ ಗೈಡ್. ಹದಿನಾಲ್ಕನೇ ಸೀಟಿನಲ್ಲಿ ಅದೇ ಮನುಷ್ಯ... ಸತತ ಮೂರನೇ ಭಾನುವಾರ! ಕೈಯಲ್ಲಿ ಅದೇ ನೀಲಿ ನೋಟ್‌ಬುಕ್.

ಅದೇ ಕೋಟೆ, ಅದೇ ದೀಪಸ್ತಂಭವನ್ನು ಮೂರು ಸಲ ಯಾರು ನೋಡುತ್ತಾರೆ? ಆಫೀಸಿನವರೇ ಕಳಿಸಿರಬೇಕು.

ಅನುಮಾನಕ್ಕೆ ಕಾರಣವಿತ್ತು. ಆಫೀಸಿನವರು ಅಚ್ಚುಹಾಕಿಸಿ ಕೊಟ್ಟ ವಿವರಣೆಯನ್ನು ಬಿಟ್ಟು ಸ್ವಂತ ಕಥೆ ಸೇರಿಸುತ್ತಾಳೆಂದು ಅವಳ ಮೇಲೆ ಆಗಲೇ ಒಂದು ದೂರು ಹೋಗಿತ್ತು. ಇನ್ನೊಂದು ಹೋದರೆ ಕೆಲಸಕ್ಕೇ ಕುತ್ತು. ಆದರೆ ಆ ಕಥೆಗಳೆಲ್ಲ ಇದೇ ಬಸ್ಸಿನಲ್ಲಿ ಗೈಡ್ ಆಗಿದ್ದ ಅಪ್ಪನವು. ಹೇಗೆ ಬಿಡುವುದು?

ಕೋಟೆಯಲ್ಲಿ ಅವನನ್ನು ಪರೀಕ್ಷೆ ಮಾಡಿದಳು. ಇಸವಿ, ಎತ್ತರ, ಎಷ್ಟು ಫಿರಂಗಿ, ಅಷ್ಟನ್ನೇ ಗಿಳಿಯಂತೆ ಒಪ್ಪಿಸಿದಳು. ಅವನ ಪೆನ್ನು ನಿಂತೇಹೋಯಿತು.

ಹಳೆಯ ಬಂದರಿನಲ್ಲಿ ಮಾತ್ರ ನಾಲಿಗೆ ತಡೆಯಲಿಲ್ಲ. ಗಂಡನಿಗೆ ಹಡಗಿನಿಂದಲೇ ಮನೆಯ ಗುರುತು ಸಿಗಲೆಂದು ಕಿಟಕಿಗೆ ಕೆಂಪು ಬಳಿದವಳ ಕಥೆ ಹೇಳಿಯೇಬಿಟ್ಟಳು. ತಗೋ, ಅವನು ನಗುತ್ತಾ, ತಲೆ ಎತ್ತದೆ ಗೀಚತೊಡಗಿದ!

ಸಿಕ್ಕಿಬಿದ್ದೆ, ಎಂದುಕೊಂಡಳು. ನಕ್ಕರೆ ಚೆನ್ನಾಗಿ ಕಾಣುತ್ತಾನೆ ಎಂಬುದು ಇನ್ನಷ್ಟು ಸಿಟ್ಟು ತರಿಸಿತು.

ಕೊನೆಗೆ ದೀಪಸ್ತಂಭ. ನೋಡಿ ಮುಗಿಸಿ ಎಲ್ಲರೂ ಬಸ್ಸು ಹತ್ತಿದರು, ಅವನೊಬ್ಬ ಬರಲಿಲ್ಲ. ಐದು ನಿಮಿಷ ಕಾದು ಹೊರಡಬಹುದೆಂದು ನಿಯಮ. ಅವಳು ಯಾವತ್ತೂ ಹದಿನೈದು ಕಾಯುವವಳು. ಇವತ್ತು ಗಡಿಯಾರ ನೋಡಿದಳು.

"ಹೊರಡಿ ಅಣ್ಣ."

"ನಿನ್ನ ಹದಿನಾಲ್ಕನೇ ನಂಬರ್ ಬಂದಿಲ್ವಲ್ಲಮ್ಮ." ಡ್ರೈವರಣ್ಣ ಕನ್ನಡಿಯಲ್ಲೇ ನಕ್ಕ.

"ರೂಲ್ಸ್ ಅಂದ್ರೆ ರೂಲ್ಸ್. ಅವ್ರಿಗೂ ಅದೇ ತಾನೆ ಬೇಕಾಗಿರೋದು?"

ಬಸ್ಸು ಉರುಳಿತು. ಅವನ ಸೀಟಿನ ಮೇಲೆ ನೋಟ್‌ಬುಕ್ ಉಳಿದಿತ್ತು. ತಪ್ಪೆಂದು ಗೊತ್ತಿದ್ದೂ ತೆರೆದಳು.

'ಅಮ್ಮ, ಇವತ್ತು ಕೋಟೆ ಹತ್ರ ಅವಳು ಯಾಕೋ ಸಪ್ಪಗಿದ್ಲು. ನಿನಗಿಷ್ಟದ ಸೈನಿಕನ ಕಥೆ ಹೇಳ್ಲೇ ಇಲ್ಲ. ಬಂದರಲ್ಲಿ ಸರಿಹೋದ್ಲು. ಕೆಂಪು ಕಿಟಕಿ ಕಥೆ ಪೂರ್ತಿ ಬರ್ಕೊಂಡಿದೀನಿ, ಬಂದು ಓದ್ತೀನಿ...'

ಹಿಂದಿನ ಪುಟದ ಅಂಚಿನಲ್ಲಿ ಇನ್ನೊಂದು ಸಾಲು. 'ಅಮ್ಮನ ಪ್ರಶ್ನೆ: ಕೋಟೆ ಹಾಗಿರ್ಲಿ, ಆ ಹುಡುಗಿಗೆ ಮದುವೆ ಆಗಿದ್ಯಾ?'

"ಅಣ್ಣಾ, ನಿಲ್ಸಿ!"

ಫೋನು ಹಿಡಿದು ಅವನು ಏದುಸಿರು ಬಿಡುತ್ತಾ ಓಡಿಬಂದ. ಸೊಂಟ ಮುರಿದು ಹಾಸಿಗೆ ಹಿಡಿದ ಅಮ್ಮನಿಗೆ ಅಲೆಗಳ ಸದ್ದು ರೆಕಾರ್ಡ್ ಮಾಡುತ್ತಾ ಹೊತ್ತು ಮರೆತನಂತೆ. ಅವಳು ನೋಟ್‌ಬುಕ್ ಚಾಚಿದಳು. ಓದಿದ್ದಾಳೆಂದು ಮುಖವೇ ಹೇಳುತ್ತಿತ್ತು.

"ಆಫೀಸಿನವ್ರು ಅಂದ್ಕೊಂಡಿದ್ದೆ. ಬೇಕಂತ್ಲೇ ಬಿಟ್ಟು ಹೊರಟೆ."

ಅವನು ನೋಟ್‌ಬುಕ್ ತೆಗೆದುಕೊಂಡ. "ಮೊದಲನೇ ವಾರ ಅಮ್ಮನಿಗೋಸ್ಕರ ಬಂದೆ. ಆಮೇಲೆ... ಅಮ್ಮನ ಹೆಸರು ಹೇಳ್ಕೊಂಡು ನನಗೋಸ್ಕರ ಬಂದೆ."

ಇಡೀ ಬಸ್ಸೇ ಕಿವಿಯಾಗಿತ್ತು.

ಅವಳು ತನ್ನ ಪೆನ್ನು ಕೊಟ್ಟಳು. "ಅಮ್ಮನ ಪ್ರಶ್ನೆಗೆ 'ಆಗಿಲ್ಲ' ಅಂತ ಬರ್ಕೊಳ್ಳಿ. ಸೈನಿಕನ ಕಥೆ ನಾನೇ ಮನೆಗೆ ಬಂದು ಹೇಳ್ತೀನಿ ಅನ್ನಿ."

"ಯಾವಾಗ ಅಂತ ಬರ್ಕೊಳ್ಲಿ?"

"ಬಸ್ಸಿಳಿದ ಮೇಲೆ."

ಆ ದಿನ ಅವಳು ತಲೆ ಎಣಿಸುವುದನ್ನೇ ಮರೆತಳು. ನೀವಾಗಿದ್ದರೆ ಆ ನೋಟ್‌ಬುಕ್ ತೆರೆಯುತ್ತಿದ್ದಿರಾ, ಹೇಳಿ?