ಎಲ್ಲರ ಮನೆಗೂ ಒಂದೇ ಬಿರುಕು

ಬಾಗಿಲು ಮುಚ್ಚಿತು. ಹೊರಗಡೆ ಚಿಲಕ ಬಿದ್ದ ಸದ್ದು.

ನಾನು ಒಳಗೆ. ಅವನು ಹೊರಗೆ.

“ಆರಾಮಾಗಿ ಕೂತ್ಕೊಳ್ಳಿ, ಪತ್ತೇದಾರ ಸಾಹೇಬ್ರೇ. ಈ ಚಳೀಲಿ ಇಡೀ ಮನೇಗೆ ಇದಕ್ಕಿಂತ ಬೆಚ್ಚಗಿನ ಜಾಗ ಇನ್ನೊಂದಿಲ್ಲ.”

“ಬಾಗಿಲು ತೆಗಿ.”

“ತೆಗೀತೀನಿ. ನಿಮ್ಮ ತಂಗಿ ಹೂಂ ಅಂದ್ಮೇಲೆ.”

“ನನ್ನ ಫೋನು?”

“ಅದೂ ಬೆಚ್ಚಗಿದೆ. ನನ್ನ ಜೇಬಲ್ಲಿ.”

ಲೈಟಿನ ಸ್ವಿಚ್ಚೂ ಹೊರಗಡೆಯೇ ಇತ್ತು. ಅದನ್ನೂ ಆರಿಸಿದ. ಮೆಟ್ಟಿಲು ಹತ್ತಿ ಹೋದ.

ಕತ್ತಲು. ನೆಲಮಾಳಿಗೆಯ ಮೂಲೆಯಲ್ಲಿ ಕಿಟಕಿಯಿಲ್ಲದ ಕೋಣೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ನಡುವೆ ಬೀರುವಿನಷ್ಟು ಎತ್ತರದ ಒಂದು ಮೆಷಿನ್. ಗ್ಯಾಸಿನಲ್ಲಿ ಉರಿದು, ಗಾಳಿ ಕಾಯಿಸಿ, ಡಕ್ಟು ಅನ್ನುವ ತಗಡಿನ ಕೊಳವೆಗಳ ಮೂಲಕ ಇಡೀ ಮನೆಗೆ ಊದುವ ಹೀಟರ್.

ಆ ಮೆಷಿನ್ನೂ ನಾನೂ. ಬೇರೆ ಯಾರೂ ಇಲ್ಲ.

ನನ್ನ ಕಸುಬು ಕೇಳಿ ನಗಬೇಡಿ. ಮನೆಗೆ ಹೀಟರು, ಎ.ಸಿ. ಹಾಕಿಸುವವರು ಕಂಟ್ರಾಕ್ಟರನ್ನು ಗೊತ್ತು ಮಾಡುವ ಮೊದಲು ನನ್ನನ್ನು ಕರೆಯುತ್ತಾರೆ. ಅವನು ಯಾರು, ಲೈಸೆನ್ಸ್ ಇದೆಯಾ, ಹಿಂದೆ ಯಾರ ಮನೆಯಲ್ಲಿ ಏನು ಮಾಡಿ ಬಂದಿದ್ದಾನೆ... ಬೆನ್ನು ಬಿದ್ದು ತಿಳಿದುಕೊಂಡು ಹೇಳುವುದು ನನ್ನ ಕೆಲಸ. ಹೇಳಿದ ಮೇಲೆ ರಾತ್ರಿಯೆಲ್ಲಾ ಸರಿ ಹೇಳಿದೆನೋ ಇಲ್ಲವೋ ಅಂತ ಹೊರಳಾಡುವುದೂ ನನ್ನ ಕೆಲಸವೇ. ಅದಕ್ಕೇ ಸಂಜೆ ಕ್ಲಾಸಿಗೆ ಸೇರಿ ಈ ಮೆಷಿನ್‌ಗಳ ಬಗ್ಗೆ ಒಂದಿಷ್ಟು ಓದಿಕೊಂಡೆ.

ಈಗ ಬಾಗಿಲು ಹಾಕಿಕೊಂಡು ಹೋದನಲ್ಲ, ಅವನನ್ನು ನಾನು ‘ಇಸ್ತ್ರಿ’ ಅಂತ ಕರೆಯುತ್ತಿದ್ದೆ. ಹೀಟರ್ ರಿಪೇರಿಯವನ ಅಂಗಿಗೆ ಒಂದು ಕಲೆ ಇಲ್ಲ, ಒಂದು ಸುಕ್ಕಿಲ್ಲ. ಮಾತು ಜೇನು.

ಇಸ್ತ್ರಿಯ ಆಟ ಸರಳ. ಚಳಿ ಬಿದ್ದ ಕೂಡಲೇ ಫ್ರೀ ಚೆಕಪ್ ಅಂತ ಮನೆಗೆ ಬರುತ್ತಾನೆ. ಕೆಳಗೆ ಹೋಗಿ ಸ್ವಲ್ಪ ಹೊತ್ತು ಕಳೆಯುತ್ತಾನೆ. ಮುಖ ಸಪ್ಪೆ ಮಾಡಿಕೊಂಡು ಮೇಲೆ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸುತ್ತಾನೆ.

“ನೋಡಿ, ಬಿರುಕು.”

ಮೆಷಿನ್ ಒಳಗೆ ಬೆಂಕಿ ಒಂದು ಕಡೆ, ನಾವು ಉಸಿರಾಡುವ ಗಾಳಿ ಇನ್ನೊಂದು ಕಡೆ. ನಡುವೆ ಇರುವುದು ತೆಳ್ಳಗಿನ ತಗಡು. ಆ ತಗಡು ಸೀಳಿದರೆ ವಿಷದ ಗ್ಯಾಸ್ ಮನೆಯೊಳಗೆ ನುಗ್ಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ. ಇಷ್ಟು ಹೇಳಿದರೆ ಯಾರು ತಾನೇ ಹೊಸ ಮೆಷಿನ್ ಬೇಡ ಅಂತಾರೆ?

ಒಬ್ಬ ರಿಟೈರ್ಡ್ ಮೇಷ್ಟ್ರ ಮನೆ, ಒಬ್ಬ ದರ್ಜಿಯ ಮನೆ, ಒಬ್ಬ ಬಾಣಂತಿಯ ಮನೆ... ಎಲ್ಲ ಕಡೆ ವಿಚಾರಿಸಿದೆ. ಎಲ್ಲರಿಗೂ ತೋರಿಸಿದ್ದು ಒಂದೇ ಫೋಟೋ. ಅದೇ ಬಿರುಕು. ಅದೇ ತುಕ್ಕಿನ ಕಲೆ, ನಾಯಿಯ ಕಿವಿಯ ಹಾಗೆ.

ಅಷ್ಟರಲ್ಲಿ ತಂಗಿಯ ಫೋನ್ ಬಂತು.

“ಅಣ್ಣ, ನಮ್ಮನೇದೂ ಬಿರುಕಂತೆ.”

ಭಾವ ಹಡಗಿನ ಮೇಲೆ ಕೆಲಸ ಮಾಡುವವರು, ಸಮುದ್ರದಲ್ಲಿದ್ದರು. ಮನೆಯಲ್ಲಿ ತಂಗಿ, ಅವಳ ಕೈಗೂಸು. ಇಸ್ತ್ರಿ ಬಲೆಗೆ ತಾನಾಗಿ ಬಂದು ಬಿದ್ದನಲ್ಲ ಅಂತ ನನಗೆ ಖುಷಿ.

“ಇವತ್ತು ಮಧ್ಯಾಹ್ನ ಅವನನ್ನ ಮತ್ತೆ ಕರೆಸು,” ಅಂದೆ. “ನಾನು ಕೆಳಗೆ ಅಡಗಿರ್ತೀನಿ. ಅವನು ಮೆಷಿನ್ ಮುಟ್ಟೋದೇ ಇಲ್ಲ, ಅದನ್ನ ವಿಡಿಯೋ ಮಾಡ್ಕೋತೀನಿ. ಬಿರುಕು ಅನ್ನಲಿ, ವಿಷ ಅನ್ನಲಿ... ಜಗ್ಗಬೇಡ. ನನ್ನ ಹೆಸರು ಹೇಳಿದ್ರೂ ನಂಬಬೇಡ.”

“ನೀನೇ ಬಂದು ಹೇಳಿದ್ರೆ?”

“ನನ್ನ ಕುತ್ತಿಗೆ ಮೇಲೆ ಕೈ ಇಟ್ಟು ಹೇಳಿಸ್ತಿದ್ದಾನೆ ಅಂದ್ಕೋ.”

ಎಷ್ಟು ಬುದ್ಧಿವಂತ ನಾನು!

ವಿಡಿಯೋ ಏನೋ ಆಯಿತು. ಇಸ್ತ್ರಿ ಬಂದ, ಮೆಷಿನ್ನಿಗೆ ಬೆನ್ನು ಕೊಟ್ಟು ನಿಂತ, ಉಗುರು ನೋಡಿಕೊಂಡ. ಅಷ್ಟೇ ಅವನ ಚೆಕಪ್. ಹಾಳಾದ್ದು, ನನ್ನ ಮೊಣಕೈ ಡಕ್ಟಿಗೆ ತಾಗಿತು. ಡಬ್ ಅಂತು. ಮುಂದಿನದು ನಿಮಗೆ ಗೊತ್ತು. ಅವನ ಕೈ ನನ್ನ ಕೈಗಿಂತ ದಪ್ಪ.

ತಲೆ ಆಗಲೇ ಸಣ್ಣಗೆ ಸಿಡಿಯುತ್ತಿತ್ತು. ಗೋಡೆಗೆ ತಳ್ಳಿದ್ದನಲ್ಲ, ಅದಕ್ಕೇ ಅಂದುಕೊಂಡೆ.

ಮೇಲಿನಿಂದ ಮಾತು ಕೇಳಿಸಿತು. ನೆತ್ತಿಯ ಮೇಲಿನ ಡಕ್ಟು ನೇರವಾಗಿ ಹಾಲ್‌ಗೆ ಹೋಗುತ್ತದೆ. ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು.

“ಮೇಡಂ, ಇನ್ನು ತಡ ಮಾಡಬಾರದು. ಅದು ಸಾವಿನ ಪೆಟ್ಟಿಗೆ.”

“ಹೌದಾ?”

“ಮನೇಲಿ ಮಗು ಬೇರೆ ಇದೆ.”

“ಅಲಾರಂ ಇತ್ತಲ್ಲ, ಗ್ಯಾಸ್ ಬಂದ್ರೆ ಕೂಗೋದು. ಹಳೇದಾಯ್ತು ಅಂತ ನೀವೇ ಕಿತ್ಕೊಂಡು ಹೋದ್ರಿ.”

“ಹೊಸದು ತರ್ತೀನಿ. ಮೊದಲು ಮೆಷಿನ್ ವಿಷ್ಯ ಹೇಳಿ.”

“ನಮ್ಮಣ್ಣ ಬೇಡ ಅಂದಿದ್ದಾನೆ.”

ಭೇಷ್ ಅನ್ನಿಸಿತು. ನನ್ನ ತಂಗಿ ಅಂದರೆ ತಂಗಿ.

ಆಗ ಮೆಷಿನ್ ಒಳಗೆ ಕ್ಲಿಕ್ ಅಂತು. ಬೆಂಕಿ ಹೊತ್ತಿತು. ಮುಂಭಾಗದಲ್ಲಿ ಅಂಗೈಯಗಲದ ಒಂದು ಗಾಜು, ಅದರ ಹಿಂದೆ ನೀಲಿ ಜ್ವಾಲೆಗಳ ಸಾಲು. ನೆಟ್ಟಗೆ, ಅಲುಗದೆ ಉರಿಯುತ್ತಿದ್ದವು. ಕತ್ತಲಲ್ಲಿ ಅದೊಂದೇ ಬೆಳಕು.

ಸ್ವಲ್ಪ ಹೊತ್ತಿಗೆ ಫ್ಯಾನ್ ಶುರುವಾಯಿತು. ಗೊರ್ ಅನ್ನುವ ಸದ್ದಿನಲ್ಲಿ ಮೇಲಿನ ಮಾತು ಮುಳುಗಿತು.

ಜ್ವಾಲೆ ಬಗ್ಗಿತು.

ಸಾಲಿನಲ್ಲಿ ಮೂರನೆಯದು. ಯಾರೋ ಪಕ್ಕದಲ್ಲಿ ನಿಂತು ಊದಿದ ಹಾಗೆ ವಾಲಿತು. ತುದಿ ಹಳದಿಯಾಯಿತು.

ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ದು ನೆನಪಿಗೆ ಬಂತು. ಫ್ಯಾನಿನ ಗಾಳಿಗೂ ಬೆಂಕಿಗೂ ಸಂಬಂಧವೇ ಇರಬಾರದು. ಫ್ಯಾನ್ ತಿರುಗಿದ ಕೂಡಲೇ ಜ್ವಾಲೆ ಅಲುಗಿದರೆ... ನಡುವಿನ ತಗಡು ಸೀಳಿದೆ.

ನಾನು ತಪ್ಪು ನೋಡುತ್ತಿದ್ದೇನಾ? ತಲೆಗೆ ಪೆಟ್ಟು ಬಿದ್ದಿದ್ದಕ್ಕೆ ಹಾಗೆ ಕಾಣುತ್ತಿದೆಯಾ? ಕಣ್ಣುಜ್ಜಿ ನೋಡಿದೆ. ಮತ್ತೆ ನೋಡಿದೆ.

ಬಗ್ಗಿಯೇ ಇತ್ತು.

ತಲೆನೋವು ಗೋಡೆಯದ್ದಲ್ಲ.

ಬಿರುಕು ನಿಜ! ಊರಿಗೆಲ್ಲಾ ಸುಳ್ಳು ಬಿರುಕು ಮಾರಿದವನು, ನಿಜವಾದ ಬಿರುಕಿಗೆ ಬೆನ್ನು ಹಾಕಿ ಉಗುರು ನೋಡಿಕೊಂಡು ಹೋಗಿದ್ದ. ನಂಬಬೇಡ ಅಂತ ತಂಗಿಗೆ ಗಿಣಿಪಾಠ ಹೇಳಿಕೊಟ್ಟವನು ನಾನು.

ಮೇಲೆ ಪಾಪು ಮಲಗಿತ್ತು.

ಬಾಗಿಲಿಗೆ ಭುಜ ಕೊಟ್ಟೆ. ಅಲುಗಲಿಲ್ಲ. ಕೂಗಿದೆ. ಫ್ಯಾನಿನ ಸದ್ದು ನನ್ನ ದನಿಯನ್ನು ನುಂಗಿ ನೀರು ಕುಡಿಯಿತು. ಗ್ಯಾಸ್ ಪೈಪಿನ ನಲ್ಲಿ ಹುಡುಕಿ ತಿರುಗಿಸಲು ನೋಡಿದೆ. ತುಕ್ಕು ಹಿಡಿದು ಕಲ್ಲಾಗಿತ್ತು. ಅಂಗೈ ಸುಲಿಯಿತು, ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಮೆಷಿನ್‌ನ ಮೇನ್ ಸ್ವಿಚ್ ಇರುವುದು ಬಾಗಿಲಿನ ಆಚೆ.

ಕೆಳಗಿನ ಮುಚ್ಚಳ...

ಮುಚ್ಚಳ ಕಿತ್ತರೆ ಮೆಷಿನ್ ತಾನಾಗಿ ನಿಲ್ಲಬೇಕು. ಅದರ ಹಿಂದೆ ಒಂದು ಪುಟ್ಟ ಸ್ವಿಚ್ ಇರುತ್ತದೆ, ಮುಚ್ಚಳ ಒತ್ತಿಕೊಂಡಿದ್ದರೆ ಮಾತ್ರ ಕರೆಂಟು. ಎರಡೂ ಕೈ ಹಾಕಿ ಎಳೆದೆ. ಮುಚ್ಚಳ ಕಳಚಿ ಕಾಲ ಮೇಲೆ ಬಿತ್ತು.

ಮೆಷಿನ್ ನಿಲ್ಲಲಿಲ್ಲ.

ಕತ್ತಲಲ್ಲಿ ಕೈ ಒಳಗೆ ತೂರಿಸಿದೆ. ಗೇಣು ದೂರದಲ್ಲಿ ಫ್ಯಾನ್ ಗಿರಗಿರ ತಿರುಗುತ್ತಿತ್ತು. ಅದರ ಗಾಳಿ ನನ್ನ ತೋಳನ್ನು ಒಳಕ್ಕೆ ಎಳೆಯುತ್ತಿತ್ತು. ಬೆರಳಿಗೆ ಸ್ವಿಚ್ ಸಿಕ್ಕಿತು. ಅದರ ಮೇಲೆ ಟೇಪು. ಯಾವನೋ ಸೋಮಾರಿ, ಮುಚ್ಚಳ ತೆಗೆದೇ ಕೆಲಸ ಮಾಡೋಣ ಅಂತ ಸ್ವಿಚ್ಚನ್ನು ಒತ್ತಿ ಟೇಪು ಸುತ್ತಿ ಹೋಗಿದ್ದ.

ಉಗುರಲ್ಲಿ ಕೆರೆದೆ. ಕೆರೆದೆ. ಟೇಪಿನ ಒಂದು ಮೂಲೆ ಎದ್ದಿತು. ಎಳೆದೆ.

ಎಲ್ಲ ನಿಂತಿತು.

ಜ್ವಾಲೆ ಇಲ್ಲ. ಫ್ಯಾನ್ ಇಲ್ಲ. ಆ ಮೌನದಲ್ಲಿ ಮೇಲಿನಿಂದ ಲೋಟ ಕೆಳಗಿಟ್ಟ ಸದ್ದು.

ಡಕ್ಟಿಗೆ ಬಾಯಿ ಇಟ್ಟೆ.

“ಪುಟ್ಟೀ! ಪಾಪುನ ಎತ್ಕೊಂಡು ಮನೆಯಿಂದ ಹೊರಗೆ ಹೋಗು. ಈಗಲೇ. ಬಿರುಕು ನಿಜ.”

ಇಸ್ತ್ರಿ ನಕ್ಕ. ಹೊಟ್ಟೆ ತುಂಬಾ ನಕ್ಕ.

“ನೋಡಿ ಮೇಡಂ. ನಿಮ್ಮಣ್ಣನೇ ಒಪ್ಕೊಂಡ್ರು.”

“ಅಣ್ಣ? ಇನ್ನೂ ಕೆಳಗೇ ಇದ್ದೀಯಾ?”

“ಇದ್ದೀನಿ. ಹೊರಗೆ ಹೋಗು ಅಂದೆ.”

“ಹೊರಗ್ಯಾಕೆ ಮೇಡಂ ಆ ಚಳಿಗೆ,” ಇಸ್ತ್ರಿ ಅಂದ. “ಕೂತ್ಕೊಳ್ಳಿ. ಯಾವ ಮೆಷಿನ್ ಬೇಕು ಅಂತ ಇಲ್ಲೇ ಮಾತಾಡಿ ಮುಗಿಸೋಣ.”

ತಂಗಿಯ ದನಿ ಗಟ್ಟಿಯಾಯಿತು. “ವಿಷ ಅಂದ್ರೆ ನೀವ್ಯಾಕೆ ಹೊರಗೆ ಹೋಗ್ತಿಲ್ಲ? ಆಗಿಂದ ಇಲ್ಲೇ ಕಾಲ ಮೇಲೆ ಕಾಲು ಹಾಕ್ಕೊಂಡು ಟೀ ಕುಡೀತಿದ್ದೀರ.”

ಕುರ್ಚಿ ಕಿರುಗುಟ್ಟಿದ ಸದ್ದು.

“ನಮ್ಮಣ್ಣನ್ನ ಏನು ಮಾಡಿದ್ದೀರ? ಹೆದರಿಸಿ ಹೇಳಿಸ್ತಿದ್ದೀರ ಅಲ್ವಾ? ನಂಗೆಲ್ಲಾ ಗೊತ್ತು. ನಾನು ಜಗ್ಗಲ್ಲ.”

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೋಣೆಯಿಂದ ಹೊರಬೀಳಲು ಒಂದು ಬಾಗಿಲಾದರೂ ಇತ್ತು. ನನ್ನ ಮಾತಿನಿಂದ ಹೊರಬೀಳಲು ಅದೂ ಇರಲಿಲ್ಲ. ಏನು ಹೇಳಿದರೂ ಅದನ್ನು ನಂಬಬೇಡ ಅಂತ ನಾನೇ ಹೇಳಿಬಿಟ್ಟಿದ್ದೆ.

ಹೇಳುವುದನ್ನು ಬಿಟ್ಟೆ. ಕೇಳಿದೆ.

“ಪುಟ್ಟಿ... ಪಾಪು ಏನ್ ಮಾಡ್ತಿದೆ?”

“ಮಲಗಿದೆ.”

“ಯಾವಾಗಿಂದ?”

“ಬೆಳಿಗ್ಗೆಯಿಂದ. ಇವತ್ತು ಎಷ್ಟು ಒಳ್ಳೇ ನಿದ್ದೆ ಗೊತ್ತಾ? ಹಾಲಿಗೂ ಎದ್ದಿಲ್ಲ.”

ಹಾಲಿನ ಹೊತ್ತು ತಪ್ಪಿದರೆ ಬೀದಿಗೇ ಕೇಳುವ ಹಾಗೆ ಕಿರುಚುವ ಮಗು ಅದು.

“ಎಬ್ಬಿಸು.”

“ಏನು?”

“ನನ್ನ ನಂಬಬೇಡ. ಅವನನ್ನೂ ನಂಬಬೇಡ. ಹೋಗಿ ಪಾಪುನ ಎಬ್ಬಿಸು. ಕೂಗಾಡಿದ್ರೆ ನಾನು ಸುಳ್ಳ.”

ಹೆಜ್ಜೆ ಸದ್ದು ದೂರ ಹೋಯಿತು. ನಾನು ಡಕ್ಟಿಗೆ ಕಿವಿಯಿಟ್ಟು ನಿಂತೆ. ತಗಡು ತಣ್ಣಗಾಗುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. ಜೀವನದಲ್ಲಿ ಒಂದು ಮಗು ಅಳಲಿ ಅಂತ ನಾನು ಯಾವತ್ತೂ ಬೇಡಿಕೊಂಡವನಲ್ಲ.

ಅಳು ಬರಲಿಲ್ಲ.

“ಅಣ್ಣ...” ದನಿ ಒಡೆದಿತ್ತು. “ಕಣ್ಣು ಬಿಡ್ತಿಲ್ಲ. ಕೈಕಾಲು ಜೋಲ್ತಾ ಇದೆ.”

“ಎತ್ಕೋ. ಓಡು. ಹೊರಗೆ ಹೋಗಿ ಆಂಬುಲೆನ್ಸಿಗೆ ಫೋನ್...”

ದಡಾರ್ ಅಂತ ಮುಂಬಾಗಿಲು ಬಡಿಯಿತು. ತಂಗಿ ಹೋದಳು ಅಂದುಕೊಂಡೆ.

“ಅಣ್ಣ, ಅವನು ಓಡಿಹೋದ.”

ತನ್ನ ಸುಳ್ಳು ನಿಜ ಅಂತ ಗೊತ್ತಾದ ಮೇಲೆ ಇಸ್ತ್ರಿ ಒಂದು ಗುಟುಕು ಟೀ ಕುಡಿಯಲೂ ನಿಲ್ಲಲಿಲ್ಲ.

“ನೀನೂ ಓಡು. ಪಕ್ಕದ ಮನೆಗೆ.”

“ನೀನು?”

“ನನಗೆ ಏನೂ ಆಗಿಲ್ಲ. ಓಡು.”

ಆಗಿತ್ತು. ಕೂತುಬಿಟ್ಟಿದ್ದೆ. ಯಾವಾಗ ಕೂತೆ ಅಂತ ನೆನಪಿಲ್ಲ. ಬಾಗಿಲಿನ ಕೆಳಗಿನ ಸಂದಿಗೆ ಮೂಗಿಟ್ಟು ನೆಲದ ಮೇಲೆ ಮಲಗಿದೆ. ಸ್ವಲ್ಪ ಗಾಳಿ, ಸಾಕಷ್ಟು ಧೂಳು. ಇಲ್ಲಿಂದ ಎದ್ದರೆ ಈ ಕಸುಬು ಬಿಡುತ್ತೇನೆ ಅಂದುಕೊಂಡೆ. ಬೇರೆ ಯಾವ ಕಸುಬು ಬರುತ್ತದೆ ಅಂತ ಯೋಚಿಸುತ್ತಿರುವಾಗ ಚಿಲಕ ಎಳೆದ ಸದ್ದು.

ತಂಗಿ. ಮೂಗಿಗೆ ಒದ್ದೆ ಟವೆಲ್. ನನ್ನ ಕಾಲರ್ ಹಿಡಿದು ಎಳೆದಳು.

“ಏಳೋ.”

ಎಂದೂ ನನ್ನನ್ನು ಹಾಗೆ ಕರೆದವಳಲ್ಲ. ಎದ್ದೆ.

ಹೊರಗೆ ಬೆಳ್ಳನೆ ಬಿಸಿಲು, ಮುಖ ಕೊರೆಯುವ ಚಳಿ. ಪಕ್ಕದ ಮನೆಯ ನರ್ಸಮ್ಮ ಮೆಟ್ಟಿಲ ಮೇಲೆ ಕೂತು ಪಾಪುವಿನ ಬೆನ್ನು ಉಜ್ಜುತ್ತಿದ್ದರು. ಆಂಬುಲೆನ್ಸ್ ಅವರೇ ಕರೆಸಿದ್ದರು. ಬಂದವರು ಪುಟ್ಟ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಿಡಿದರು. ತಂಗಿ ನನ್ನ ತೋಳು ಹಿಡಿದಿದ್ದಳು. ಅವಳ ಉಗುರಿನ ಗುರುತು ಇನ್ನೂ ಇದೆ.

ಪಾಪು ಮೊದಲು ಮುಖ ಕಿವುಚಿತು. ಆಮೇಲೆ ಕೆಮ್ಮಿತು.

ಆಮೇಲೆ... ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿತು.

ನಾನು ಫುಟ್‌ಪಾತ್ ಮೇಲೆ ಕೂತು ಅತ್ತೆ. ನಾಚಿಕೆಯೇನಿಲ್ಲ.

ಇಸ್ತ್ರಿ ತನ್ನ ವ್ಯಾನಿನ ಚಕ್ರಕ್ಕೆ ಒರಗಿ ವಾಂತಿ ಮಾಡುತ್ತಿದ್ದ. ಅಂಗಿ ನೋಡುವಂತಿರಲಿಲ್ಲ. ಪಾಪುವಿನ ಅಳು ಕೇಳಿ ಅವನಿಗೂ ಜೀವ ಬಂತು. ಬಾಯಿ ಒರೆಸಿಕೊಂಡು ಎದ್ದು ಬಂದ. ಜೇನು ಮತ್ತೆ ಸುರಿಯಿತು.

“ನಾನು ಮೊದಲೇ ಹೇಳಿರಲಿಲ್ವಾ ಮೇಡಂ, ಬಿರುಕಿದೆ ಅಂತ?”

ತಂಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹೇಳಿದ್ರಿ. ನೋಡಿರಲಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದಳು.

“ನೀನೂ ಅಷ್ಟೇ.”

ಅವನ ಜೇಬಿನಲ್ಲಿದ್ದ ನನ್ನ ಫೋನು, ಅದರೊಳಗಿನ ವಿಡಿಯೋ, ಎರಡನ್ನೂ ಪೊಲೀಸರು ತೆಗೆದುಕೊಂಡರು. ಅವನನ್ನೂ ತೆಗೆದುಕೊಂಡರು. ಅದು ಬೇರೆ ಕತೆ.

ಈಗ ನಿಮ್ಮ ಪ್ರಶ್ನೆ. ಮನೆಗೆ ಹೀಟರು, ಎ.ಸಿ. ಹಾಕಿಸಬೇಕು, ನಂಬಿಕಸ್ಥರು ಯಾರು ಅಂತ ಕೇಳಿದಿರಿ.

ತಂಗಿಯ ಮನೆಗೆ ಹೊಸ ಮೆಷಿನ್ ಬೇಕಾದಾಗ ಮೂವರನ್ನು ಕರೆಸಿದೆವು. ಮೂವರ ಬೆನ್ನೂ ಬಿದ್ದೆ. ಹಳೇ ಗಿರಾಕಿಗಳನ್ನು ಮಾತಾಡಿಸಿದೆ. ಅದರಲ್ಲಿ ಒಬ್ಬಾಕೆ ಬಂದವಳೇ ನಮಸ್ಕಾರ ಕೂಡ ಹೇಳದೆ ಮೆಷಿನ್ ಬಿಚ್ಚಿ ತಲೆ ಒಳಗಿಟ್ಟಳು. ಲೈಸೆನ್ಸ್ ಎಲ್ಲಿ ಅಂತ ನಾನು ಕೇಳಿದರೆ, “ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರ” ಅಂದಳು.

ಮರ್ಯಾದೆ ಗೊತ್ತಿಲ್ಲದ ಹೆಂಗಸು, ಬೇಡ ಅಂದೆ.

ತಂಗಿ ಅವಳನ್ನೇ ಗೊತ್ತು ಮಾಡಿದಳು. ಮನೆ ಬೆಚ್ಚಗಿದೆ. ಪಾಪು ಹಾಲಿನ ಹೊತ್ತಿಗೆ ಸರಿಯಾಗಿ ಬೀದಿ ಎಬ್ಬಿಸುತ್ತದೆ.

ಆ ಹೆಂಗಸಿನ ಫೋನ್ ನಂಬರ್ ಬೇಕಾದರೆ ತಂಗಿಯನ್ನೇ ಕೇಳಿ. ನಾನು ಮತ್ತೆ ಅವಳ ಬೆನ್ನು ಬೀಳ್ತೀನಿ ಅಂತ ತಂಗಿ ನನಗೆ ಮಾತ್ರ ಕೊಡಲ್ಲ ಅಂದಿದ್ದಾಳೆ.