ಬಳಗ ಕೇಳುವ ಬಾಗಿಲುಗಳು

ಏಳು ಬೆಟ್ಟಗಳ ಆಚೆ, ಈಗ ಯಾರಿಗೂ ದಾರಿ ಗೊತ್ತಿಲ್ಲದ ಕಡೆ, ಬಹಳ ಕಾಲದ ಹಿಂದೆ ಕಂಕಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಮುಂಜಾನೆ ಹಸು ತನ್ನ ಕರುವನ್ನು ಒದ್ದಿತು. ಕೋಳಿ ತನ್ನ ಮರಿಗಳನ್ನೇ ಕುಕ್ಕಿ ಕೊಂದಿತು. ಮಧ್ಯಾಹ್ನದ ಹೊತ್ತಿಗೆ ತಾಯಂದಿರು ತೊಟ್ಟಿಲೊಳಗೆ ಇಣುಕಿ, "ಇದು ಯಾವ ಪ್ರಾಣಿ?" ಎಂದು ಹೆದರಿ ಹಿಂದೆ ಸರಿದರು.

ಅದು ಧೂಮಾಕ್ಷನೆಂಬ ಮಾಂತ್ರಿಕನ ಕೆಲಸ. ಹೆತ್ತ ಜೀವಗಳೆಲ್ಲ ತಮ್ಮ ಕುಡಿಗಳ ಗುರುತು ಮರೆಯುವಂತೆ ಅವನು ಮಾಟ ಮಾಡಿದ್ದ. ಕರಿಗುಡ್ಡದ ಗವಿಯಲ್ಲಿ ಅವನ ವಾಸ. ಗವಿಗೆ ಎರಡು ಕಲ್ಲಿನ ಬಾಗಿಲು. ಪ್ರತಿ ಬಾಗಿಲೂ ಒಂದು ಜೀವವನ್ನು ತೋರಿಸಿ ಅದರ ಬಳಗ ಯಾವುದೆಂದು ಕೇಳುತ್ತಿತ್ತು. ತಪ್ಪು ಹೇಳಿದವರು ಕಲ್ಲಾಗುತ್ತಿದ್ದರು. ಕತ್ತಿ ಹಿಡಿದು ಹೋದ ರಾಜಕುಮಾರರಿಬ್ಬರೂ ಮರಳಲಿಲ್ಲ.

ಊರ ಶಾಲೆಯಲ್ಲಿ ಮಾದಲಾಂಬೆ ಎಂಬ ಗುರು ಇದ್ದರು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಜೀವಿಗಳನ್ನು ಬಳಗ ಬಳಗವಾಗಿ ವಿಂಗಡಿಸುವುದನ್ನು ಕಲಿಸುತ್ತಿದ್ದರು. ಮೂರನೆಯ ದಿನ, ಹಾಲಿಲ್ಲದೆ, ಬೀದಿಯ ಅರ್ಧ ತೊಟ್ಟಿಲುಗಳಲ್ಲಿ ಅಳು ನಿಂತಿತು. ಮಾದಲಾಂಬೆ ಎದ್ದು, ಗವಿಗೆ ಹೊರಡಲು ಚಪ್ಪಲಿ ಮೆಟ್ಟಿದರು.

"ಅಕ್ಕೋರೇ, ನಾನೂ ಬರ್ತೀನಿ," ಎಂದಳು ಸಿಂಗಾರಿ. ಅವಳು ಅವರ ಶಿಷ್ಯೆ. "ನನ್ನ ತಮ್ಮನಿಗೆ ಗಂಜಿ ತಿಳಿ ಕುಡಿಸ್ತಿದೀನಿ. ಅವನು ಇನ್ನೆರಡು ದಿನ ಉಳಿಯೋದೂ ಕಷ್ಟ."

ಮೊದಲ ಬಾಗಿಲ ಮುಂದೆ ರಾಜಕುಮಾರರು ಕಲ್ಲಾಗಿ, ಬಾಯಿ ತೆರೆದೇ ನಿಂತಿದ್ದರು. ಮೇಲೆ ಎತ್ತಿನಷ್ಟು ದೊಡ್ಡ ಬಾವಲಿ ತಲೆಕೆಳಗಾಗಿ ನೇತಾಡುತ್ತಿತ್ತು.

"ಇದು ಯಾವ ಬಳಗ?" ಎಂದಿತು ಬಾಗಿಲು.

"ಇವರು ಹಕ್ಕಿ ಅಂದಿರಬೇಕು," ಎಂದು ಮಾದಲಾಂಬೆ ಮೆಲ್ಲಗೆ ಹೇಳಿದರು. "ರೆಕ್ಕೆ ಬಿಡು, ಮೈ ನೋಡು. ಗರಿ ಇಲ್ಲ, ರೋಮ ಇದೆ. ಎದೆಗೆ ಅಂಟಿಕೊಂಡ ಮರಿ ಹಾಲು ಕುಡೀತಿದೆ." ಆಮೇಲೆ ಗಟ್ಟಿಯಾಗಿ, "ಹಾಲೂಡಿಸುವವರ ಬಳಗ!" ಎಂದರು.

ಬಾಗಿಲು ತೆರೆಯಿತು.

ಎರಡನೆಯ ಬಾಗಿಲ ಮುಂದೆ, ಕೊಳೆತ ಮರದ ಮೇಲೆ, ಆಳೆತ್ತರದ ಅಣಬೆ ನಿಂತಿತ್ತು.

"ಇದು ಯಾವ ಬಳಗ?"

ಇದನ್ನೇ ಹೋದ ಮಳೆಗಾಲದಲ್ಲಿ ಸಿಂಗಾರಿ ತರಗತಿಯಲ್ಲಿ ಕೇಳಿದ್ದಳು. ನಡೆಯದ್ದೆಲ್ಲ ಗಿಡವೇ, ಕೂತ್ಕೋ ಎಂದು ಅಕ್ಕೋರು ಗದರಿದ್ದರು. ಈಗ ಅವಳು ಅವರ ಸೆರಗು ಜಗ್ಗಿದಳು. ಅಷ್ಟರಲ್ಲೇ ಮಾದಲಾಂಬೆ, "ಗಿಡಗಳ ಬಳಗ," ಎಂದುಬಿಟ್ಟರು.

ಅವರ ಪಾದಗಳು ಕಲ್ಲಾದವು. ಮೊಣಕಾಲು ಕಲ್ಲಾಯಿತು.

"ಅವತ್ತು ನೀನು ಕೇಳಿದ್ದು ಸರಿ ಇತ್ತು, ಮಗಳೇ," ಎಂದರು ಅವರು. "ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ನಿನ್ನ ಬಾಯಿ ಮುಚ್ಚಿಸಿದೆ. ಈಗ ನೀನೇ ಹೇಳು."

ಕಲ್ಲು ಅವರ ಕೊರಳಿಗೇರಿ ತುಟಿ ಮುಚ್ಚಿತು.

ಸಿಂಗಾರಿ ಅಳುತ್ತಲೇ ಹೇಳಿದಳು: "ಇದರಲ್ಲಿ ಹಸಿರಿಲ್ಲ. ಇದಕ್ಕೆ ಬಿಸಿಲು ಬೇಡ. ಸತ್ತ ಮರವನ್ನು ತಿಂದು ಬೆಳೆಯುತ್ತದೆ. ಇದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಅಣಬೆಗಳದ್ದೇ ಬೇರೆ ಬಳಗ."

ಬಾಗಿಲು ತೆರೆಯಿತು. ಒಳಗೆ ಧೂಮಾಕ್ಷ ಕೂತಿದ್ದ.

"ಇನ್ನು ನನ್ನ ಬಳಗ ಹೇಳು," ಎಂದು ನಕ್ಕು ಹದ್ದಾದ. ಹದ್ದು ಹಾವಾಯಿತು. ಹಾವು ಮೊಸಳೆಯಾಗಿ, ಅವಳನ್ನು ಗೋಡೆಗೆ ಒತ್ತಿ ಬಾಯಿ ತೆರೆಯಿತು. ಅವಳು ಕಣ್ಣು ಮುಚ್ಚಲಿಲ್ಲ, ನೋಡಿದಳು. ಹದ್ದಿನ ಹೊಟ್ಟೆಯ ಮೇಲೆ ಒಂದು ಗುಳಿ ಇತ್ತು. ಹಾವಿಗೂ ಅದೇ ಗುಳಿ. ಮೊಸಳೆಗೂ ಅದೇ.

"ಅದು ಹೊಕ್ಕುಳು," ಎಂದಳು. "ನೀನು ಮೊಟ್ಟೆಯೊಡೆದು ಬಂದವನಲ್ಲ. ಒಬ್ಬಳು ತಾಯಿ ಬಸುರಲ್ಲಿಟ್ಟುಕೊಂಡು ಹೆತ್ತಿದ್ದಾಳೆ. ಮಾತೂ ಆಡ್ತೀಯ. ನೀನು ಮನುಷ್ಯ. ನಮ್ಮದೇ ಬಳಗ."

"ಅಲ್ಲ!" ಎಂದು ಮೊಸಳೆ ಅರಚಿತು. "ನನ್ನ ಮೈಮೇಲಿನ ಮಚ್ಚೆ ನೋಡಿ, ಇವನು ನಮ್ಮವನಲ್ಲ ಅಂತ ನಿಮ್ಮವರೇ ಕಲ್ಲು ಹೊಡೆದು ಓಡಿಸಿದರು. ಆಗ ನನಗೆ ಆರು ವರ್ಷ."

"ಅವರು ಮಾಡಿದ್ದು ಘೋರ ತಪ್ಪು," ಎಂದಳು ಸಿಂಗಾರಿ. "ಆದರೆ ಓಡಿಸಿದ ಮಾತ್ರಕ್ಕೆ ಬಳಗ ಬದಲಾಗೋದಿಲ್ಲ."

ಮೊಸಳೆಯ ಚರ್ಮ ಸಿಪ್ಪೆಯಂತೆ ಸುಲಿದು ಬಿತ್ತು. ಒಳಗೆ ಮೈತುಂಬ ಬಿಳಿ ಮಚ್ಚೆಯ, ಬಡಕಲು ಮುದುಕನಿದ್ದ. ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಂಜೆಯಾಗುವ ಮೊದಲೇ ಪ್ರಾಣ ಬಿಟ್ಟ.

ಮಾಟ ಹರಿಯಿತು. ರಾಜಕುಮಾರರು ಉಸಿರೆಳೆದುಕೊಂಡರು. ಮಾದಲಾಂಬೆಯವರಿಗೂ ಜೀವ ಬಂತು. ಮೊಣಕಾಲಿನ ಕೆಳಗೆ ಮಾತ್ರ ಕಲ್ಲು ಕಲ್ಲಾಗಿಯೇ ಉಳಿಯಿತು. ಊರಿನಲ್ಲಿ ತಾಯಂದಿರು ಕೂಗುತ್ತಾ ತೊಟ್ಟಿಲುಗಳಿಗೆ ಓಡಿದರು. ಸಿಂಗಾರಿಯ ತಮ್ಮ ಹಾಲು ಕುಡಿದ. ತೀರಿಹೋದ ಹದಿನೇಳು ಕೂಸುಗಳು ಮರಳಿ ಬರಲಿಲ್ಲ.

ಧೂಮಾಕ್ಷನ ಹೆಣವನ್ನು ಗುಡ್ಡದಲ್ಲೇ ನರಿಗಳಿಗೆ ಬಿಡಬೇಕೆಂದು ಜನ ಕೂಗಾಡಿದರು. ಸಿಂಗಾರಿ ಒಪ್ಪಲಿಲ್ಲ. ಅವನನ್ನು ಊರ ಮಸಣದಲ್ಲೇ ಮಣ್ಣು ಮಾಡಿದರು.

ಮಾರನೆಯ ವಾರ ಮಕ್ಕಳು ಅಕ್ಕೋರನ್ನು ಮಣೆಯ ಮೇಲೆ ಹೊತ್ತು ಶಾಲೆಗೆ ತಂದರು. "ಇವತ್ತು ನಾನು ಪಾಠ ಹೇಳಲ್ಲ," ಎಂದರು ಅವರು. "ನೀವು ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತೀನಿ."

ಆಮೇಲೆ ಕಂಕಣಾವತಿಯ ಜನ ಬಹುಕಾಲ ಸುಖವಾಗಿ ಬಾಳಿದರು. ಮೈಮೇಲೆ ಯಾವ ಗುರುತಿದ್ದ ಮಗು ಹುಟ್ಟಿದರೂ, ಆ ಊರಿನಲ್ಲಿ ಯಾರೂ ಅದರತ್ತ ಕಲ್ಲೆತ್ತಲಿಲ್ಲ.